ನಾಲ್ಕು ನಿಮಿಷದ ದೆಹಲಿ

ಹುಬ್ಬಳ್ಳಿಯಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು ಸಾವಿರದ ಐನೂರು ಕಿಲೋಮೀಟರು. ವಿಮಾನಕ್ಕೆ ಎರಡೂವರೆ ಗಂಟೆ. ಹಣೆಗೆ ಕಾಲಸಂಕೋಚಕ ಪಟ್ಟಿ ಕಟ್ಟಿಕೊಂಡವರಿಗೆ ಮಾತ್ರ ನಾಲ್ಕು ನಿಮಿಷ. ವಿಮಾನದ ವೇಗವೇನೂ ಹೆಚ್ಚಿರಲಿಲ್ಲ. ಮಿದುಳು ಹೊತ್ತನ್ನು ಅಳೆಯುವ ಗತಿಯನ್ನು ಪಟ್ಟಿಯ ಸೂಕ್ಷ್ಮ ತರಂಗಗಳು ಬದಲಿಸುತ್ತಿದ್ದವು, ಅಷ್ಟೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಊರು ಬಂದಿರುತ್ತಿತ್ತು. ಕಾಯುವುದೆಂದರೆ ಚಡಪಡಿಸುವ ಜನಕ್ಕೆ ಇನ್ನೇನು ಬೇಕು?

ಹೃದ್ರೋಗಿಗಳು ಪಟ್ಟಿ ಕಟ್ಟುವಂತಿರಲಿಲ್ಲ. ಆದ್ದರಿಂದ ದೊಡ್ಡ ಆಸ್ಪತ್ರೆಗೆಂದು ದೆಹಲಿಗೆ ಹೊರಟ ಚನ್ನವೀರಪ್ಪ ಎಚ್ಚರವಾಗಿಯೇ ಕುಳಿತರು. ಮೂರು ದಿನ ಹಾಸಿಗೆಯ ಪಕ್ಕ ಕೂತು ಕಂಗೆಟ್ಟಿದ್ದ ಹೆಂಡತಿ ಶಿವಗಂಗವ್ವನ ಹಣೆಗೆ ತಾವೇ ಪಟ್ಟಿ ಕಟ್ಟಿದರು. ಆಕೆ ಗಂಡನ ಕೈ ಹಿಡಿದು ಕಣ್ಣು ಮುಚ್ಚಿದಳು. ತೆರೆದಾಗ ವಿಮಾನ ಇಳಿದಿತ್ತು, ಗಂಡನಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯ ದಾರಿಯಲ್ಲೇ ಅವರ ಉಸಿರು ನಿಂತಿತು.

ಮರುದಿನ ವಿಚಾರಣೆಗೆ ಬಂದವರು ಪಟ್ಟಿಯನ್ನು ಕಂಡುಹಿಡಿದ ಡಾ. ಮಂದಾಕಿನಿ ಇನಾಮದಾರ. ಪಟ್ಟಿ ಸರಿಯಾಗಿಯೇ ಕೆಲಸ ಮಾಡಿತ್ತು. ಶಿವಗಂಗವ್ವ ಕೇಳಿದ್ದು ಒಂದೇ:

"ನಮ್ಮ ಮನಿಯವರು ನನ್ನ ಕರದ್ರೇನ್ರಿ?"

ಗಗನಸಖಿಯ ಹೇಳಿಕೆ ಡಾಕ್ಟರರ ಕೈಯಲ್ಲಿತ್ತು. ಚನ್ನವೀರಪ್ಪ ಎರಡು ಸಲ ಹೆಂಡತಿಯ ಹೆಸರು ಹಿಡಿದು ಕರೆದಿದ್ದರು. ಪಟ್ಟಿ ಬಿಚ್ಚಲೇ ಎಂದು ಹುಡುಗಿ ಕೇಳಿದಾಗ ಅವರು ಆಡಿದ ಮಾತನ್ನು ಡಾಕ್ಟರ್ ಇದ್ದಂತೆಯೇ ಓದಿದರು: "ಬ್ಯಾಡವಾ ತಂಗಿ, ಎಬ್ಬಸಬ್ಯಾಡ. ಮೂರು ದಿನ ಆತು ಆಕಿ ಕಣ್ಣ ಮುಚ್ಚಿಲ್ಲ. ಮಲಗಲಿ."

ಶಿವಗಂಗವ್ವ ಪಟ್ಟಿ ಕಟ್ಟಿದ್ದ ಹಣೆಯನ್ನು ಮುಟ್ಟಿಕೊಂಡಳು. "ಅದು ನಿದ್ದೀನಾ?"

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಪಟ್ಟಿಯ ಜಾಹೀರಾತಿನಲ್ಲಿ ಕಣ್ಣು ಮುಚ್ಚಿ ನಗುವ ಹೆಂಗಸಿನ ಚಿತ್ರವನ್ನು ಒಪ್ಪಿದವರೂ ಈ ಡಾಕ್ಟರೇ. ಅದನ್ನು ನೋಡಿದ ಯಾರಾದರೂ ನಿದ್ದೆಯೆಂದೇ ತಿಳಿಯುತ್ತಿದ್ದರು.

"ಅಲ್ಲವ್ವ," ಎಂದರು. "ಬರೀ ನಾಲ್ಕು ನಿಮಿಷ ಕೂತ ಹಾಗೆ. ದಣಿವು ಆರುವುದಿಲ್ಲ. ತಪ್ಪು ನಮ್ಮದು."

ಮಣ್ಣು ಊರಲ್ಲೇ ಆಗಬೇಕಿತ್ತು. ಮರಳುವ ವಿಮಾನದಲ್ಲಿ, ಕೆಳಗಿನ ಸರಕುಕೋಣೆಯಲ್ಲಿ ಶವದ ಪೆಟ್ಟಿಗೆ. ಮೇಲೆ ಶಿವಗಂಗವ್ವ, ಪಕ್ಕದಲ್ಲಿ ಆಕೆಯನ್ನು ಊರು ಮುಟ್ಟಿಸಲು ಹೊರಟ ಡಾಕ್ಟರ್. ಪಟ್ಟಿ ತಂದ ಗಗನಸಖಿಗೆ ಆಕೆ ಬೇಡವೆಂದಳು. ಎರಡೂವರೆ ಗಂಟೆಯನ್ನೂ ಗಂಡನ ಜೊತೆ ಎಚ್ಚರವಾಗಿ ಕೂರುವುದು ಆಕೆಯ ಹಟವಾಗಿತ್ತು. ಡಾಕ್ಟರೂ ಕಟ್ಟಿಕೊಳ್ಳಲಿಲ್ಲ. ಸುತ್ತಲಿನವರೆಲ್ಲ ಕಣ್ಣು ಮುಚ್ಚಿದ ಮೇಲೆ ಆಕೆ ತಲೆ ಬಗ್ಗಿಸಿ, ಕಾಲ ಕೆಳಗಿನ ನೆಲದ ಕಡೆಗೆ ಮೆಲ್ಲಗೆ ಮಾತಾಡತೊಡಗಿದಳು. ಎಮ್ಮೆ ಈದದ್ದು, ಬಾಗಿಲಿಗೆ ಹೊಸ ಚಿಲಕ ಹಾಕಿಸಬೇಕಿದ್ದದ್ದು.

ಒಂದು ಗಂಟೆ ಕಳೆದಿರಬೇಕು. ಮಾತು ನಡುವೆಯೇ ನಿಂತು, ಆಕೆಯ ತಲೆ ಡಾಕ್ಟರರ ಹೆಗಲಿಗೆ ವಾಲಿತು. ನಿಜವಾದ ನಿದ್ದೆ. ಆಕೆಯ ಹಟ ನೆನಪಾಗಿ ಡಾಕ್ಟರ್ ಎಬ್ಬಿಸಲು ಕೈ ಎತ್ತಿದರು. ಆಮೇಲೆ ಓದಿದ್ದ ಹೇಳಿಕೆಯೂ ನೆನಪಾಗಿ ಕೈ ಇಳಿಸಿದರು.

ಹುಬ್ಬಳ್ಳಿ ಬರುವವರೆಗೂ ಅವರು ಹೆಗಲು ಅಲುಗಿಸಲಿಲ್ಲ.