ಎರಡು, ಬಿಡುವು, ಒಂದು

"ಅಪ್ಪ ಓಡಿಹೋಗಲಿಲ್ಲ ಅನ್ನೋದಕ್ಕೆ ಏನಾದರೂ ಗುರುತು ತಂದೇ ತರ್ತೀನಿ," ಎಂದು ಬೆಸುಗೆಯವಳು ಸೊಂಟಪಟ್ಟಿ ಬಿಗಿದಳು.

ಹಗ್ಗದ ಯಂತ್ರ ನಡೆಸುವ ಸೋದರಮಾವ ಗೊಣಗಿದ. "ಮೂವತ್ತು ವರ್ಷ ಆಯ್ತಲ್ಲೇ ಮಗೂ..."

"ಇಳಿಸು ಮಾವ. ಕೈ ಆಡಲಿ, ಬಾಯಿ ಆಮೇಲೆ."

ಆ ಮಹಾಗ್ರಹಕ್ಕೆ ನೆಲವೇ ಇರಲಿಲ್ಲ. ಅನಿಲ ಹೀರುವ ಕಬ್ಬಿಣದ ಅಟ್ಟಣೆ ಮೋಡಗಳ ಮೇಲೆ ತೇಲುತ್ತಿತ್ತು; ಕೆಳಗೆ ಕಂದು ಮೋಡ, ಅದರ ಕೆಳಗೆ ಇನ್ನಷ್ಟು ಕಂದು ಮೋಡ, ಊರಿಗೆ ಊರೇ ನುಂಗಿದರೂ ತೇಗದಂಥ ಆಳ. ಅಲ್ಲಿಂದ ರೇಡಿಯೋ ಕೇಳಿಸದು. ಇಳಿದವರು ಹಗ್ಗ ತಟ್ಟಬೇಕು. ಪ್ರತಿಯೊಬ್ಬರಿಗೂ ಅವರದೇ ತಟ್ಟು: 'ನಾನು, ಎಳೆಯಿರಿ.' ಅಪ್ಪನದು ಎರಡು, ಬಿಡುವು, ಒಂದು. ಅವನು ತಟ್ಟಲೇ ಇಲ್ಲ, ಕೆಲಸ ಬಿಟ್ಟು ಓಡಿಹೋದ ಎಂದು ಮೇಸ್ತ್ರಿ ದಫ್ತರದಲ್ಲಿ ಬರೆದಿದ್ದ. ಓಡಲು ನೆಲವೆಲ್ಲಿತ್ತು? ಯಾರೂ ಕೇಳಲಿಲ್ಲ.

ಅವಳು ಇಳಿದಳು.

ಬಿರುಗಾಳಿ ಅಪ್ಪಳಿಸಿತು. ಹಗ್ಗದ ತುದಿಯ ಕೊಕ್ಕೆ ತಿರುಚಿಕೊಂಡು ಅವಳ ಎರಡೂ ಮುಂಗೈಗಳನ್ನು ಹಿಡಿದುಕೊಂಡಿತು. ಎಳೆದಳು, ಒದ್ದಳು. ಬಿಡಿಸಲಾಗಲಿಲ್ಲ. ತಟ್ಟುವುದು ಹೇಗೆ?

ಆಗ ಮೋಡವೇ ಅಲುಗಿತು. ಮೋಡವಲ್ಲ, ಮುದುಕಿ. ಇಲ್ಲಿನ ಜೀವಿಗಳನ್ನು ಕೆಲಸಗಾರರು ಕರೆಯುತ್ತಿದ್ದುದೇ ಹಾಗೆ: ಸಾವಿರಾರು ವರ್ಷ ಬಾಳುವ, ಬೆಟ್ಟದಷ್ಟು ದೊಡ್ಡ, ಕಣ್ಣಿಲ್ಲದ ಪರದೆಗಳು. ಅದರ ಮಡಿಕೆಯೊಂದು ನಿಧಾನ ತೆರೆಯಿತು. ಒಳಗೆ ಒಂದು ಹೆಲ್ಮೆಟ್. ಮೇಲೆ ಅಪ್ಪನ ಸಂಖ್ಯೆ, ನಲವತ್ತೊಂದು. ಮಡಿಕೆ ಅದನ್ನು ಅವಳ ಮಡಿಲಿಗೆ ಇಳಿಸಿತು.

ತೆಳ್ಳನೆಯ ಎಳೆಯೊಂದು ಹಗ್ಗವನ್ನು ಸುತ್ತಿ ತಟ್ಟಿತು. ಎರಡು. ಬಿಡುವು. ಒಂದು.

ಅದಕ್ಕೆ ಮೂವತ್ತು ವರ್ಷವೆಂದರೆ ನಿನ್ನೆ ಸಂಜೆ. ತಟ್ಟಿದವನನ್ನು ಇವರಿನ್ನೂ ಏಕೆ ಎಳೆದುಕೊಂಡಿಲ್ಲ ಎಂದು ಕೇಳುತ್ತಲೇ ಇತ್ತು.

ಮೇಲೆ, ಹಗ್ಗ ಹಿಡಿದಿದ್ದ ಮಾವ ಸನ್ನೆಕೋಲಿಗೆ ಕೈ ಚಾಚಿದ.

"ಅವಳ ತಟ್ಟಲ್ಲ ಅದು. ಬರೀ ಗಾಳಿ, ಬಿಡಯ್ಯ," ಎಂದ ಪಕ್ಕದಲ್ಲಿದ್ದ ಮೇಸ್ತ್ರಿ.

"ಗಾಳಿ ಎಲ್ಲಾದರೂ ಬಿಡುವು ಕೊಟ್ಟು ತಟ್ಟುತ್ತಾ? ಅವತ್ತೂ ಇದೇ ತಟ್ಟು ಬಂತು. ನೀವು ಗಾಳಿ ಅಂದ್ರಿ. ನಾನೂ ಹೊಟ್ಟೆಪಾಡಿಗೆ ಹೌದು ಅಂದೆ," ಎಂದು ಮಾವ ಸನ್ನೆಕೋಲು ಜಗ್ಗಿದ.

ಅವಳು ಮೇಲೆ ಬಂದಳು. ಮಾವ ಕೊಕ್ಕೆ ಬಿಡಿಸಿದ. ರಕ್ತ ಸುರಿಯುವ ಕೈಗಳಿಂದಲೇ ಹೆಲ್ಮೆಟ್ಟನ್ನು ಮೇಸ್ತ್ರಿಯ ಮುಂದೆ ಕುಕ್ಕಿದಳು.

"ಇದೂ ಓಡಿಹೋಗಿತ್ತಾ ಸ್ವಾಮಿ?"

ಅವತ್ತು ಹಗ್ಗದಲ್ಲಿ ಬಂದ ತಟ್ಟನ್ನು ಮಾವ ಬಂದ ಹಾಗೇ ಎಲ್ಲರಿಗೂ ಹೇಳಿದ. ದಫ್ತರದಲ್ಲಿದ್ದ 'ಓಡಿಹೋದ' ಎಂಬ ಮಾತನ್ನು ಅವರೆದುರೇ ಹೊಡೆದು ಹಾಕಲಾಯಿತು.

ಮತ್ತೆ ಮೋಡಕ್ಕೆ ಇಳಿಬಿಟ್ಟಿದ್ದ ಹಗ್ಗ ಇನ್ನೊಮ್ಮೆ ಮಿಡಿಯಿತು. ಒಂದು, ಬಿಡುವು, ಮೂರು.

"ಅದು ಯಾರದು ಮಾವ?"

ಮಾವನಿಗೆ ಗೊತ್ತಿತ್ತು: 'ಗಾಳಿ' ಎಂದು ಕೆಳಗೇ ಬಿಟ್ಟ ಇನ್ನೊಬ್ಬನದು. ಈ ಸಲ ಅವನೇ ಸೊಂಟಪಟ್ಟಿಗೆ ಕೈ ಹಾಕಿದ.