ಇಲಿರಾಯನ ಹೊಸ ಅಂಗಿ

"ಅಯ್ಯೋ, ಬಿಡಿ! ಕೈಗೆ ಗಾಜು ಚುಚ್ಚುತ್ತೆ!"

ಒಡೆದ ಸೀಸೆಯ ಚೂರು ಆರಿಸುತ್ತಿದ್ದ ಅವಳ ಕೈಯನ್ನು ಅವನು ಹಿಡಿದುಕೊಂಡ.

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಅವಳು ಸೇರಿ ಒಂದು ವಾರವಾಗಿತ್ತು. ಅವನು ಮೇಲಿನ ಮಹಡಿಯಲ್ಲಿ ಇಲಿಗಳನ್ನು ಸಾಕುವವನು. ಎಲ್ಲರ ಬಾಯಲ್ಲೂ ಇಲಿರಾಯ.

ಬೆಚ್ಚಗಿನ ಕೈ... ಅವಳ ಎದೆ ಬಿಗಿಯಿತು.

ಆಮೇಲೆ ನಿಜವಾಗಿಯೇ ಬಿಗಿಯಿತು! ಕೆಮ್ಮು, ಸುಯ್ ಸುಯ್ ಎನ್ನುವ ಉಸಿರು. ಅವನ ಮುಖ ಬಿಳಿಚಿಕೊಂಡಿತು. ಕೈ ಬಿಟ್ಟು ಹೊರಟೇಹೋದ.

ಅಂದಿನಿಂದ ಅವಳು ಎದುರಾದರೆ ಅವನು ಹತ್ತು ಹೆಜ್ಜೆ ದೂರ ಸರಿಯುತ್ತಿದ್ದ. ತೊಳೆಯಬೇಕಾದ ಸೀಸೆಗಳನ್ನು ಬಾಗಿಲಲ್ಲೇ ಇಟ್ಟು ಓಡುತ್ತಿದ್ದ.

'ನನ್ನ ಕೆಮ್ಮು ಕಂಡರೆ ಅಸಹ್ಯವೇನೋ... ಇರಲಿ.'

ತಿಂಗಳಾಯಿತು. ಅವಳು ಬೇರೆ ಕೆಲಸ ಹುಡುಕಿಕೊಂಡಳು.

"ಶನಿವಾರವೇ ಕೊನೆ ಅಕ್ಕಾ," ಎಂದಳು, ಜೊತೆಯಲ್ಲಿ ತೊಳೆಯುವ ಅಕ್ಕನಿಗೆ.

"ಅವನಿಗೆ ಹೇಳಿದ್ಯಾ?"

"ಯಾರಿಗೆ?"

"ಬಾಗಿಲು ಸದ್ದಾದ್ರೆ ಕತ್ತು ಉದ್ದ ಮಾಡ್ತೀಯಲ್ಲ, ಅವನಿಗೆ!"

ಅವಳು ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಶನಿವಾರ ಮಧ್ಯಾಹ್ನ ಅವನು ಬಾಗಿಲಲ್ಲಿ ನಿಂತಿದ್ದ. ಒದ್ದೆ ತಲೆ, ಮಡಿಕೆಯ ಗೆರೆ ಮಾಸದ ಹೊಸ ಅಂಗಿ.

"ಹೋಗ್ತೀರಂತೆ. ಅಕ್ಕ ಹೇಳಿದ್ರು."

"ಹ್ಞೂಂ. ನಿಮಗೂ ಓಡೋದು ತಪ್ಪುತ್ತೆ."

"ನಿಮ್ಮನ್ನ ಕಂಡು ಓಡ್ತಿರಲಿಲ್ಲ ರೀ! ನನ್ನ ಅಂಗೀಲಿದ್ದ ಇಲಿ ಕೂದಲಿನ ಧೂಳನ್ನ ದೂರ ಒಯ್ತಿದ್ದೆ."

ಅವಳು ತಲೆಯೆತ್ತಿದಳು.

"ಮೇಲೆ ಸಂಶೋಧನೆ ಮಾಡೋ ಮೇಡಂ ಇಲಿಗಳಲ್ಲಿ ಧೂಳಿಂದ ಬರೋ ಇಂಥ ಉಬ್ಬಸಾನೇ ನೋಡ್ತಿದ್ದಾರೆ. ಶ್ವಾಸಕೋಶದಲ್ಲಿ ಕಾವಲು ಜೀವಕೋಶಗಳು ಇರ್ತವಂತೆ. ಏನೂ ಮಾಡದ ಧೂಳನ್ನ ಕಳ್ಳ ಅಂದ್ಕೊಂಡು ಸುದ್ದಿ ಕಳಿಸ್ತವೆ. ರಕ್ತದಿಂದ ಇನ್ನಷ್ಟು ಕೋಶಗಳು ಓಡಿ ಬರ್ತವೆ. ಉಸಿರಿನ ದಾರಿ ಊದ್ಕೊಳ್ಳುತ್ತೆ. ಒಂದ್ಸಲ ಕಳ್ಳ ಅಂದ್ರೆ ಮರೆಯೋದೂ ಇಲ್ವಂತೆ."

'ನಾನೂ ಅಷ್ಟೇ ಅಲ್ಲವೇ...'

"ಒಂದು ಮಾತು ಹೇಳಬಾರದಿತ್ತಾ?"

"ಹತ್ತು ಹೆಜ್ಜೆ ದೂರದಿಂದ ಕೂಗಿ ಹೇಳ್ಲಾ? ನಿಮಗೆ ಇಲಿ ಧೂಳು ಆಗಲ್ಲ ಅಂತ ಆಫೀಸಿನವರ ಕಿವಿಗೆ ಬಿದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ ಭಯ... ಹೊಸ ಕಡೆ ಇಲಿ ಇದ್ಯಾ?"

"ಹೊಲಿಗೆ ಅಂಗಡಿ."

"ಹಾಗಾದ್ರೆ ಹೋಗಿ. ದಿನಾ ಸಂಜೆ ಸ್ನಾನ ಮಾಡ್ಕೊಂಡು, ಬಟ್ಟೆ ಬದಲಾಯಿಸ್ಕೊಂಡು ಅಲ್ಲಿಗೆ ಬರ್ತೀನಿ. ಇವತ್ತು ಎರಡು ಸಲ ಸೋಪು ಹಚ್ಚಿದ್ದೀನಿ. ಹತ್ತಿರ... ಬರ್ಲಾ?"

ಅವಳು ಕೈ ಒರೆಸಿಕೊಂಡು ತಾನೇ ನಡೆದು ಬಂದಳು. ಆಳವಾಗಿ ಉಸಿರೆಳೆದಳು. ಬರೀ ಸೋಪಿನ ವಾಸನೆ.

"ಹೇಗಿದೆ ಉಸಿರು?"

"ಎದೆ ಸ್ವಲ್ಪ ಬಿಗೀತಿದೆ."

ಅವನು ಥಟ್ಟನೆ ಹಿಂದೆ ಸರಿದ. ಅವಳು ಹೊಸ ಅಂಗಿಯ ತೋಳು ಹಿಡಿದುಕೊಂಡಳು.

"ಓಡ್ಬೇಡಿ... ಇದು ಧೂಳಿಂದಲ್ಲ."