ಬಿಚ್ಚದ ನಟ್ಟುಗಳು

ಸೋಮವಾರ ಬೆಳಗ್ಗೆ ಬಾಳಮ್ಮ ಹೊಸ್ತಿಲ ಹೊರಗೇ ಕುಳಿತಿದ್ದಳು. ಲತಾ ಎಷ್ಟು ಕರೆದರೂ ಒಳಗೆ ಬರಲಿಲ್ಲ.

"ಅಕ್ಕಾರನ್ನ ಕರೀರಿ. ನನ್ನ ಗಂಡನ್ನ ಸಂಜೀಕ ಪೊಲೀಸರಿಗೆ ಕೊಡ್ತಾರಂತ."

ಅಕ್ಕಾರು ಅಂದರೆ ಖುರ್ಷಿದಾಬೇಗಂ. ಗೋವೆಯ ಮಡಗಾಂವಿನಲ್ಲಿ ವಾಹನ ವಿಮೆಯ ಸರ್ವೇಯರ್ ಆಗಿದ್ದವರು. ನಡೆಯದ ಅಪಘಾತಗಳನ್ನು ಹಿಡಿದು ಹೆಸರು ಮಾಡಿದ್ದರು. ನಿವೃತ್ತರಾಗಿ ಕೊರ್ತಾಲಿಮಿಗೆ ಬಂದ ಮೇಲೆ ಅಲ್ಲಿನ ಕನ್ನಡದವರಿಗೆ ಏನೇ ಕಳವಾದರೂ ಮೊದಲು ನೆನಪಾಗುತ್ತಿದ್ದುದು ಅವರೇ. ಲತಾ ಅವರ ಜೊತೆಗಾರ್ತಿ. ಸ್ಕೂಟರ್ ಓಡಿಸುವುದು, ತಪ್ಪು ಊಹೆ ಮಾಡುವುದು ಎರಡೂ ಅವಳ ಪಾಲಿಗಿದ್ದವು.

ಬಾಳಮ್ಮನ ಗಂಡ ಗುರುಲಿಂಗ, ಅಣ್ಣ ಕಂಠೆಪ್ಪ ಇಬ್ಬರೂ ಹೆದ್ದಾರಿ ಪಕ್ಕದ ಸೋಮಲಪ್ಪನ ಲಾರಿ ಗ್ಯಾರೇಜಿನಲ್ಲಿ ಆಳುಗಳು. ಗುರುಲಿಂಗನನ್ನು ಗೋವೆಗೆ ಕರೆತಂದು ಕೆಲಸಕ್ಕೆ ಹಚ್ಚಿದವನೇ ಕಂಠೆಪ್ಪ. ಎರಡೂ ಸಂಸಾರಗಳಿಗೆ ಒಂದೇ ಖೋಲಿ, ಕಂಠೆಪ್ಪನ ಹೆಂಡತಿ ಶಿವವ್ವನಿಗೂ ಬಾಳಮ್ಮನಿಗೂ ಒಂದೇ ಒಲೆ. ಶನಿವಾರ ಗುರುಲಿಂಗ ಗ್ಯಾರೇಜಿನ ಪೆಟ್ಟಿಗೆಗೆ ಬೀಗ ಹಾಕಿ ಬಂದಿದ್ದ. ಭಾನುವಾರ ಬೆಳಗ್ಗೆ ಸೋಮಲಪ್ಪ ಅವನಿಂದ ಕೀಲಿ ಇಸಿದುಕೊಂಡು ಪೆಟ್ಟಿಗೆ ತೆಗೆದರೆ, ಗಾಲಿಯ ನಟ್ಟು ಬಿಗಿಯುವ, ಬಿಚ್ಚುವ ಹೊಸ ಇಂಪ್ಯಾಕ್ಟ್ ಗನ್ ಇರಲಿಲ್ಲ.

"ಕೀಲಿ ನಿನ್ನ ಗಂಡನ ಹತ್ರಷ್ಟ ಇತ್ತೇನವಾ?" ಹೊರಗೆ ಬಂದ ಬೇಗಂ ಕೇಳಿದರು.

"ಹೌದ್ರಿ. ಅದಕ್ಕ ಅಂವಾ ಕಳ್ಳ ಅಂತಾರ."

ಗ್ಯಾರೇಜು ತಲುಪಿದಾಗ ಅಂಗಳದಲ್ಲಿ ಒಂದು ಲಾರಿ ಪಂಕ್ಚರ್ ಆಗಿ ನಿಂತಿತ್ತು. ಗುರುಲಿಂಗನೂ ಲಾರಿಯ ಚಾಲಕ ಪರ್ವೇಜನೂ ನಟ್ಟು ತಿರುವುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ತುದಿಗೆ ಹತ್ತಿ ಒಟ್ಟಿಗೆ ಕುಪ್ಪಳಿಸುತ್ತಿದ್ದರು. ನಟ್ಟು ಜಪ್ಪಯ್ಯ ಅನ್ನಲಿಲ್ಲ.

"ಜುವಾರಿ ಸೇತುವೆನೂ ಇಷ್ಟ ಬಿಗಿ ಇರಲಿಕ್ಕಿಲ್ರಿ," ಎಂದ ಪರ್ವೇಜ, ಬೆವರು ಒರೆಸುತ್ತ. "ನಿನ್ನೆ ಮಧ್ಯಾಹ್ನ ಕಂಠೆಪ್ಪಣ್ಣ ಒಬ್ಬನ ಹಾಕಿದ ಗಾಲಿ. ನಾ ಊಟ ಮಾಡಿ ಬರೂದ್ರಾಗ ಮುಗಿಸಿಬಿಟ್ಟಿದ್ದ. ಅಣ್ಣಾ, ಏನ ತಿಂತೀಯಪಾ ನೀ?"

ಕಂಠೆಪ್ಪ ನಗಲಿಲ್ಲ, ಪೈಪು ಹಿಡಿಯಲೂ ಬರಲಿಲ್ಲ. ಚಹಾ ತಂದು ಎಡಗೈಯಿಂದ ಲತಾಳಿಗೆ ಲೋಟ ಚಾಚಿದ. ಎಡಗೈಯಲ್ಲಿ ಕೊಡುತ್ತಾನಲ್ಲ ಎಂದು ಲತಾ ಮುಖ ಗಂಟಿಕ್ಕಿದಳು.

ಸೋಮಲಪ್ಪ ಖಾಲಿ ಪೆಟ್ಟಿಗೆ ತೋರಿಸಿದ. "ಎಪ್ಪತ್ತು ಸಾವಿರ ಕೊಟ್ಟೇನ್ರಿ. ಎರಡು ಸಾವಿರ ನ್ಯೂಟನ್ ಮೀಟರಿನ ಬಲ. ವಾಯರ್ ಬ್ಯಾಡ, ಗಾಳಿ ಬ್ಯಾಡ, ಬ್ಯಾಟರಿ ಸಿಕ್ಕಿಸಿದರ ಸಾಕು. ಇದಿದ್ದರ ಒಬ್ಬ ಆಳು ಸಾಕು, ಗಣೇಶ ಚವತಿ ಆದಮ್ಯಾಲೆ ಒಬ್ಬನ್ನ ಬಿಡಸ್ತೀನಂತ ಇಬ್ಬರಿಗೂ ಹೇಳಿದ್ದೆ. ಈ ಗುರುಲಿಂಗಗ ಅದ ಸಿಟ್ಟು. ನಿನ್ನೆ ಮುಂಜಾನಿಂದ ಸಂಜಿತನಾ ನನ್ನ ಮನ್ಯಾಗ ಕೂಡ್ರಿಸಿಕೊಂಡು ಕೇಳೀನಿ. ಬಾಯಿ ಬಿಡವಲ್ಲ."

"ಇಲ್ಲಿ ಬ್ಯಾರೆ ಗನ್ ಐತೇನು?" ಬೇಗಂ ಕೇಳಿದರು.

"ಇಲ್ರಿ. ಇರೂ ಕಂಪ್ರೆಸರ್ ಟಾಯರಿಗೆ ಗಾಳಿ ತುಂಬಾಕಷ್ಟ."

ಲತಾ ಬೇಗಂ ಅವರ ಕಿವಿಯಲ್ಲಿ ಉಸುರಿದಳು: "ವಿಮೆ ಇದ್ದಿರಬೇಕು ಅಕ್ಕಾರ. ಮಾಲಕನ ಎತ್ತಿಟ್ಟಾನ."

"ಪಾಪ, ನಿನಗ ಮಾಲಕರ ಮ್ಯಾಲೆ ಎಷ್ಟು ಪ್ರೀತಿ," ಎಂದರು ಬೇಗಂ. ಲಾರಿಯ ಬಳಿ ಬಗ್ಗಿ ನಟ್ಟುಗಳ ಮೇಲೆ ಬೆರಳಾಡಿಸಿದರು. ಹೊಸ ನಟ್ಟುಗಳು, ತುಕ್ಕು ಹಿಡಿದಿರಲಿಲ್ಲ. "ಪರ್ವೇಜ, ಇಲ್ಲಿಂದ ಹ್ವಾದಮ್ಯಾಲೆ ಈ ಗಾಲಿ ಬ್ಯಾರೆ ಯಾರರ ಮುಟ್ಯಾರೇನು?"

"ಯಾರೂ ಇಲ್ರಿ."

ಬೇಗಂ ಎಲ್ಲರನ್ನೂ ಲಾರಿಯ ಸುತ್ತ ನಿಲ್ಲಿಸಿದರು. ಬಾಳಮ್ಮ ಗಂಡನಿಗೂ ಅಣ್ಣನಿಗೂ ನಡುವೆ ನಿಂತಳು.

"ಕಂಠೆಪ್ಪ, ಈ ಗಾಲಿ ಯಾವುದರಿಂದ ಬಿಗದಿ?"

"ಪಾನಾ, ಪೈಪು. ಮತ್ತ್ಯಾವದರಿಂದ್ರಿ?"

"ಒಬ್ಬ ಆಳು ಈ ಪೈಪಿನ ತುದೀಗೆ ನಿಂತರ ಎಂಟುನೂರು ನ್ಯೂಟನ್ ಮೀಟರ್ ಬಲ ಬಿದ್ದರ ಹೆಚ್ಚು. ಅಷ್ಟು ಬಿಗಿದ ಹೊಸಾ ನಟ್ಟು ಮರುದಿನ ಅದ ಪೈಪಿಗೆ ಬಿಚ್ಚಬೇಕು. ಇಬ್ಬರು ಕುಪ್ಪಳಿಸಿದರೂ ಇದು ಅಲುಗಾಡವಲ್ದು. ಇದು ಮನಷ್ಯಾನ ಕೈ ಅಲ್ಲ. ಗನ್ನಿನ ಬಿಗಿ."

ಬೇಗಂ ಬೆರಳಿನ ಗ್ರೀಸು ಒರೆಸಿಕೊಂಡು ಕಂಠೆಪ್ಪನತ್ತ ತಿರುಗಿದರು.

"ಅಂದರ ಕಳವಾದ ಮರುದಿನಾನೂ ಗನ್ ಇದ ಅಂಗಳದಾಗ ಕೆಲಸ ಮಾಡೇತಿ. ಆವಾಗ ಗುರುಲಿಂಗ ಎಲ್ಲಿದ್ದ? ಸೋಮಲಪ್ಪನ ಮುಂದ. ಇಬ್ಬರೂ ಕೂಡೇ ಇದ್ದರು, ಹಂಗಾಗಿ ಇಬ್ಬರೂ ಅಲ್ಲ. ಪರ್ವೇಜ ಊಟಕ್ಕ ಹೋಗಿದ್ದ. ಇದ್ದಾಂವಾ ನೀ ಒಬ್ಬನ."

"ಬೀಗ?" ಎಂದ ಸೋಮಲಪ್ಪ.

"ಶನಿವಾರ ಬೀಗ ಹಾಕೂಕಿಂತ ಮೊದಲ ಗನ್ ತಗದಾನ. ಗುರುಲಿಂಗ ಒಳಗ ನೋಡದನ ಖಾಲಿ ಪೆಟಿಗಿಗೆ ಬೀಗ ಹಾಕಿ ಹೋಗ್ಯಾನ. ಅದು ಅಂಗಳ ಬಿಟ್ಟು ಹೋಗಿಲ್ಲ. ಹೋಗಿದ್ದರ ಭಾನುವಾರ ಕೈಗೆ ಸಿಗತಿರಲಿಲ್ಲ."

"ಅಡಗಿಸಿದ್ದನ್ನ ಹೊರಗ ಯಾಕ ತಗೀಬೇಕಿತ್ತು, ಅಕ್ಕಾರ?" ಲತಾ ಕೇಳಿದಳು.

"ಎಡಗೈಲೆ ಚಹಾ ಕೊಟ್ಟನಂತ ಮಾರಿ ಗಂಟು ಹಾಕಿದೆಲ್ಲ? ನಮ್ಮ ಕಡೆ ಹುಟ್ಟಿದಾಂವ ಮನಿಗೆ ಬಂದವರಿಗೆ ಹಂಗ ಕೊಡೂದಿಲ್ಲ. ಬಲಗೈ ಎದ್ದರ ತಾನ? ಅವನ ಭುಜ ಹೋಗೇತಿ ಲತಾ, ಪಾನಾ ಜಗ್ಗಾಕ ಆಗೂದಿಲ್ಲ. ಹುಬ್ಬಳ್ಳಿ ತನಕ ಓಡೂ ಲಾರಿ, ಅರ್ಧ ಬಿಗಿದ ಗಾಲಿ ಬಿಡಾಕ ಅವನ ಕೈಗೆ ಮನಸ್ಸು ಬರಲಿಲ್ಲ."

ಕಂಠೆಪ್ಪ ಹರಿದ ಟಯರುಗಳ ರಾಶಿಯತ್ತ ನಡೆದ. ನಡುವಿನ ಟಯರಿನ ಹೊಟ್ಟೆಯಿಂದ ಗೋಣಿಚೀಲ ಸುತ್ತಿದ ಗನ್ ತೆಗೆದು, ಎದೆಗೆ ಒತ್ತಿಕೊಂಡು ತಂದು ನೆಲಕ್ಕಿಟ್ಟ.

"ಮಾರಬೇಕಂತ ಅಲ್ರಿ," ಎಂದ ಸೋಮಲಪ್ಪನಿಗೆ. "ಇದು ಇಲ್ಲಂದರ ಇನ್ನೊಂದು ತರೂದಿಲ್ಲ ಅನಕೊಂಡೆ. ಇಬ್ಬರ್ನೂ ಇಟಗೋತೀರಿ ಅನಕೊಂಡೆ."

"ನನ್ನ ಹೆಸರು ಬಂದಾಗ ಹೇಳಬಹುದಿತ್ತಲ್ಲ ಮಾವ," ಎಂದ ಗುರುಲಿಂಗ.

"ಹೇಳಬಹುದಿತ್ತು." ಕಂಠೆಪ್ಪ ಅವನ ಮುಖ ನೋಡಲಿಲ್ಲ.

ಸೋಮಲಪ್ಪ ಗನ್ನಿನ ಧೂಳು ಒರೆಸಿದ. ಅವನಿಗೆ ಪೊಲೀಸರು ಈಗ ಬೇಕಿರಲಿಲ್ಲ. "ಕಂಠೆಪ್ಪ, ನಿಂದು ಇವತ್ತಿಗೆ ಮುಗೀತು, ನಡಿ. ಗುರುಲಿಂಗ, ಇನ್ನ ನೀ ಒಬ್ಬನ ಸಾಕು. ಆ ಗಾಲಿ ಬಿಚ್ಚು."

ಗುರುಲಿಂಗ ಅವನ ಕೈಯಿಂದ ಗನ್ ಇಸಿದುಕೊಂಡ.

"ಹೌದ್ರಿ," ಎಂದ.

ಕಂಠೆಪ್ಪ ರಸ್ತೆ ದಾಟುವವರೆಗೂ ಬಾಳಮ್ಮ ನೋಡುತ್ತಲೇ ಇದ್ದಳು. ಏನಾದರೂ ಹೇಳಬೇಕೆಂದು ಲತಾ ಬಾಯಿ ತೆರೆದಳು. ಬೇಗಂ ಅವಳ ಮೊಣಕೈ ಹಿಡಿದು ತಡೆದರು. ಬಾಳಮ್ಮ ಗಂಡನ ಹತ್ತಿರ ಹೋದಳು.

"ಸಂಜೀಕ ಅದ ಒಲಿಮುಂದ ಉಣ್ಣಾಕ ಕೂಡ್ರಬೇಕು. ಶಿವವ್ವ ವೈನಿಗೆ ಯಾರ ಹೇಳೋರ್ರಿ? ನೀವೋ, ನಾನೋ?"

ಗುರುಲಿಂಗ ಗನ್ನನ್ನು ನಟ್ಟಿಗೆ ಕೂಡಿಸಿ ಗುಂಡಿ ಒತ್ತಿದ. ಆ ಸದ್ದಿನಲ್ಲಿ ಅವಳು ಇನ್ನೊಮ್ಮೆ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ.